ಡುಬ್ಬಣ್ಣನ ಎಡಭುಜ

ನಮ್ಮ ಅತ್ತಿಗೆಯದು ಒಂಟೆಯ ಕೆಲಸ. ಹೀಗೆಂದ ಕೂಡಲೇ ಕೇಳಿದವರು, “ಓಹೋ, ಒಂಟೆ ಸಾಕಿದ್ದೀರಾ?” ಎನ್ನುತ್ತಾರೆ. ಸಾಕುವುದಲ್ಲ ಸ್ವಾಮಿ, ಆಗುವುದು. ಬೆಳಿಗ್ಗೆ ಎಲ್ಲರಂತೆ ಕಾಫಿ ಕುಡಿದು, ಬಾಚಿದ ತಲೆಯನ್ನೇ ಇನ್ನೊಮ್ಮೆ ಬಾಚಿ, ಬಸ್ಸು ಹಿಡಿದು ಪಾರ್ಕಿಗೆ ಹೋಗಿ, ಕಂದು ಉಣ್ಣೆಯ ಮೈಯೊಳಗೆ ಇಳಿದು, ಬೆನ್ನಿಗೆ ಡುಬ್ಬ ಬಿಗಿದು, ಮೇಲೊಂದು ಬುಟ್ಟಿಯಷ್ಟು ದೊಡ್ಡ ತಲೆ ಇಟ್ಟುಕೊಂಡರೆ ಅವಳು ಡುಬ್ಬಣ್ಣ. ಸಂಜೆ ತಲೆ ತೆಗೆದಿಟ್ಟರೆ ಮತ್ತೆ ನಮ್ಮತ್ತಿಗೆ, ಅದೇ ಗಂಟುಮುಖ.

ಡುಬ್ಬಣ್ಣ ಒಂದು ಸಿನಿಮಾದ ಒಂಟೆ. ಕೆಲಸದಲ್ಲಿ ಬಸ್ ಕಂಡಕ್ಟರು. ಬಲ ಹೆಗಲಿಗೆ ಚರ್ಮದ ಚೀಲ, ಕಿವಿಯ ಹಿಂದೆ ಪೆನ್ಸಿಲು. ಯಾರಾದರೂ ದಾರಿ ಕೇಳಿದರೆ ಬಾಯಲ್ಲಿ ಹೇಳುವ ಜಾಯಮಾನ ಅವನದಲ್ಲ, ತಾನೇ ಇಳಿದು ಹೋಗಿ ಮನೆ ಬಾಗಿಲು ತೋರಿಸಿ ಬರುತ್ತಾನೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಸಿನಿಮಾದ ಉದ್ದಕ್ಕೂ ತನ್ನ ಬಸ್ಸಿನ ಹಿಂದೆ ತಾನೇ ಓಡುತ್ತಾನೆ. ಕಥೆ ಇಷ್ಟೇ. ಆದರೆ ಮಕ್ಕಳು ಬಿದ್ದು ಬಿದ್ದು ನಕ್ಕರು, ದೊಡ್ಡವರು ಮಕ್ಕಳ ನೆಪ ಹೇಳಿ ಮತ್ತೆ ಮತ್ತೆ ಹೋಗಿ ನೋಡಿದರು.

ಸಿನಿಮಾ ಮುಗಿದ ಮೇಲೆ ಸ್ಟುಡಿಯೋದವರಿಗೆ ಆ ಬಸ್ಸನ್ನೂ, ಬಣ್ಣದ ಹಲಗೆಯಲ್ಲಿ ಕಟ್ಟಿದ ಬೀದಿಯನ್ನೂ ಒಡೆಯಲು ಮನಸ್ಸಾಗಲಿಲ್ಲ. ರಜಾದಿನ ಗೇಟು ತೆಗೆದು ಜನರನ್ನು ಒಳಗೆ ಬಿಟ್ಟರು. ಜನ ಬಂದವರು ಬಸ್ಸಿನಲ್ಲಿ ಕೂತರು, ಹಲಗೆಯ ಅಂಗಡಿಯ ಹಲಗೆಯ ಬಾಗಿಲು ತಟ್ಟಿದರು, ಹೊತ್ತು ಮುಳುಗಿದರೂ ಮನೆಗೆ ಹೋಗಲೊಲ್ಲರು. ಆಗ ಬಸ್ಸಿಗೆ ಹಳಿ ಹಾಕಿದರು, ಬೀದಿಯ ಕೊನೆಗೆ ಜಾರುಬಂಡೆ ಮಾಡಿದರು, ಮುಂದಿನ ಸಿನಿಮಾದ ಅರಮನೆಯನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದರು. ನೋಡ ನೋಡುತ್ತಾ ಸಿನಿಮಾ ತೆಗೆಯುವುದು ಪಕ್ಕದ ಕೆಲಸವಾಗಿ ಪಾರ್ಕೇ ಕಂಪನಿಯಾಯಿತು. ಕಡಲಾಚೆ ಒಂದು ಪಾರ್ಕು ತೆರೆಯಿತು, ಅದರಾಚೆ ಮತ್ತೊಂದು. ಒಂದು ದೇಶದಲ್ಲಿ ಚಳಿಯೆಂದು ಡುಬ್ಬಣ್ಣನಿಗೆ ಮಫ್ಲರು ಸುತ್ತಿದರು. ಇನ್ನೊಂದು ಕಡೆ ಮಳೆ ಜಾಸ್ತಿಯೆಂದು ಕೈಗೆ ಕೊಡೆ ಕೊಟ್ಟರು. ಮತ್ತೊಂದು ದೇಶದಲ್ಲಿ ಅವನ ಹೆಸರು ಅಲ್ಲಿನವರ ಬಾಯಲ್ಲಿ ಹೊರಳದೆ ಬೇರೆಯದೇ ಇಟ್ಟರು. ಪಾರ್ಕಿನ ಕೆಲಸಗಾರರ ಊಟದ ಕೋಣೆಯ ಗೋಡೆಯ ಮೇಲಿನ ಭೂಪಟಕ್ಕೆ ವರ್ಷ ವರ್ಷ ಒಂದೊಂದು ಗುಂಡುಸೂಜಿ ಚುಚ್ಚುತ್ತಾ ಹೋದರು.

ಮೊದಮೊದಲು ಡುಬ್ಬಣ್ಣನಾಗಲು ಒಬ್ಬ ಧಡೂತಿ ಗಂಡಸನ್ನು ಇಟ್ಟಿದ್ದರು. ಅವನಿಗೋ ಉಣ್ಣೆ ತಾಗಿದರೆ ಸೀನು. ಒಂಟೆ ಸೀನಿದರೆ ತಲೆಯೇ ಹಾರಿ ಬೀಳುತ್ತಿತ್ತು, ಮಕ್ಕಳು ಕಿಟಾರನೆ ಕಿರುಚುತ್ತಿದ್ದವು. ಅತ್ತಿಗೆ ಆಗ ವೇಷಗಳ ಕೋಣೆಯಲ್ಲಿ ಗುಂಡಿ ಹೊಲಿಯುವವಳು. ಒಂದು ದಿನ ಅವನು ಕೈಕೊಟ್ಟ. ಹೊರಗೆ ಜನ ಕಾಯುತ್ತಿದ್ದರು. ಮೇಲ್ವಿಚಾರಕರು ಕೋಣೆಗೆ ನುಗ್ಗಿ, ಎತ್ತರಕ್ಕಿದ್ದವಳು ಅವಳೊಬ್ಬಳೇ ಎಂದು, ಕೇಳದೆಯೇ ತಲೆ ತೊಡಿಸಿದರು. ತಮಾಷೆಯೆಂದರೆ, ಆ ತಲೆ ಮತ್ತೆ ಬಹಳ ವರ್ಷ ಬೇರೆ ಯಾರ ಮೇಲೂ ಕೂರಲಿಲ್ಲ.

ಯಾಕೆಂದರೆ ಒಳಗೆ ಹೋದ ಅತ್ತಿಗೆ ಬೇರೆಯೇ ಮನುಷ್ಯಳು. ಮನೆಯಲ್ಲಿ ಅವಳ ಮಾತೆಂದರೆ ಹೂಂ, ಉಹೂಂ, ಇಲ್ಲವೇ ಬೈಗುಳ. ಹೆತ್ತ ಮಗಳು ಶಾಲೆಯಿಂದ ಓಡಿಬಂದು ಕೊರಳಿಗೆ ಬಿದ್ದರೂ, “ಸರಿ, ಸರಿ, ಕೈಕಾಲು ತೊಳ್ಕೋ ಹೋಗು” ಎನ್ನುವಳು. ಪ್ರೀತಿಯಿಲ್ಲವೆಂದಲ್ಲ, ಕೈ ಏಳುತ್ತಿರಲಿಲ್ಲ, ಅಷ್ಟೇ. ಅದೇ ಒಂಟೆಯೊಳಗೆ ಹೊಕ್ಕರೆ ಸಿಕ್ಕಸಿಕ್ಕವರನ್ನೆಲ್ಲ ತಬ್ಬುವಳು. ಅಳುವ ಮಗುವನ್ನು ತಬ್ಬುವಳು, ಅದನ್ನು ಅಳಿಸಿದ ಅಪ್ಪನನ್ನೂ ತಬ್ಬುವಳು. ಒಳಗೆ ಯಾರಿದ್ದಾರೆಂದು ಮಕ್ಕಳಿಗೆ ಹೇಳಬಾರದೆಂಬುದು ಕಂಪನಿಯ ನಿಯಮ, ಮನೆಯ ಮಕ್ಕಳಿಗೂ. ಒಮ್ಮೆ ಅಣ್ಣನ ಮಗಳು ಶಾಲೆಯವರ ಜೊತೆ ಪಾರ್ಕಿಗೆ ಬಂದಳು. ಡುಬ್ಬಣ್ಣ ಅವಳನ್ನು ತಬ್ಬಿದವನು ಬಿಡಲೇ ಇಲ್ಲ. ಹಿಂದಿನ ಸಾಲಿನವರು ಗೊಣಗಿದರು, ಟೀಚರು ಕೆಮ್ಮಿದರು. ಸಂಜೆ ಆ ಹುಡುಗಿ ಮನೆಗೆ ಬಂದು, “ಅಮ್ಮಾ, ಡುಬ್ಬಣ್ಣನಿಗೆ ಎಲ್ಲರಿಗಿಂತ ನಾನೇ ಇಷ್ಟ” ಎಂದಳು. ಅತ್ತಿಗೆ, “ಸರಿ, ಸರಿ, ಕೈಕಾಲು ತೊಳ್ಕೋ ಹೋಗು” ಎಂದು ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಇನ್ನು ನನ್ನ ವಿಷಯ. ನಾನು ಅಣ್ಣನ ತಂಗಿ, ಅವಳ ನಾದಿನಿ, ಅದೇ ಮನೆಯ ಮಾಳಿಗೆಯವಳು. ವಯಸ್ಸಿನಲ್ಲಿ ಹೆಚ್ಚು ಕಡಿಮೆ ಇಬ್ಬರೂ ಒಂದೇ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ‘ನೀವು’ ಎನ್ನುತ್ತಿದ್ದೆ. ಮೊದಲನೇ ಜಗಳದಲ್ಲಿ ಅದು ‘ನೀನು’ ಆಯಿತು, ಆಮೇಲೆ ಹಿಂದಕ್ಕೆ ಹೋಗಲಿಲ್ಲ. ಪಾರ್ಕಿನಲ್ಲಿ ನಾನು ಡುಬ್ಬಣ್ಣನ ಜೊತೆಗಾತಿ. ಒಂಟೆಗೆ ಕಾಣುವುದು ಬಾಯಿಯ ಸಂದಿಯಿಂದ, ಅದೂ ಎದುರಿಗಿರುವುದಷ್ಟೇ. ಕೆಳಗಿನ ಮೆಟ್ಟಿಲು ಕಾಣದು, ಪಕ್ಕದ ಗಾಡಿ ಕಾಣದು, ಬಾಲ ಎಳೆಯುವ ತುಂಟರಂತೂ ಕಾಣುವುದೇ ಇಲ್ಲ. ಅದಕ್ಕೆ ಹಿಂದೆ ಎಡಗಡೆ ಒಬ್ಬರು ನಡೆಯಬೇಕು. ಜೊತೆಗಾತಿ ಜನರ ಮುಂದೆ ಒಂಟೆಯೊಡನೆ ಮಾತಾಡುವಂತಿಲ್ಲ. ಮಾತಾಡಿದರೆ ಒಳಗೆ ಯಾರೋ ಇದ್ದಾರೆಂದು ಮಕ್ಕಳಿಗೆ ಗೊತ್ತಾಗುತ್ತದಲ್ಲ! ಬಾಯಿ ಮುಚ್ಚಿಕೊಂಡು ನಡೆಯುವ ಕೆಲಸ ನನ್ನಂಥವಳಿಗೆ. ವಿಧಿ ನೋಡಿ.

ಶುರುವಿನಲ್ಲೇ ಒಂದು ಎಡವಟ್ಟಾಗಿತ್ತು. ಕಾರಂಜಿಯ ಅಂಚು ಕಾಣದೆ ಡುಬ್ಬಣ್ಣ ದಬಕ್ಕನೆ ನೀರಿಗೆ ಬಿದ್ದು ಕೂತ. ಜನ ಅದೂ ಆಟವೆಂದೇ ಚಪ್ಪಾಳೆ ತಟ್ಟಿದರು. ಉಣ್ಣೆ ನೀರು ಕುಡಿದು ಭಾರವಾಗಿ, ನಾವು ಅಷ್ಟು ಜನ ಸೇರಿ ಎಳೆದರೂ ಅವಳು ಏಳಲೊಲ್ಲಳು. ಅವತ್ತು ಅತ್ತಿಗೆ ಬಿಳಿಚಿಕೊಂಡಿದ್ದಳು. “ಇನ್ನು ನಾನು ಆ ಕತ್ತಲೊಳಗೆ ಹೋಗಲ್ಲ” ಎಂದಳು. ಆದರೂ ಮರುದಿನ ಹೋದಳು, ಬರಬರುತ್ತಾ ಹೆದರಿಕೆಯೂ ಹೋಯಿತು.

ಆಮೇಲೇ ಡುಬ್ಬಣ್ಣನ ಎಡಭುಜ ಪ್ರಸಿದ್ಧವಾದದ್ದು. ನಾಲ್ಕು ಹೆಜ್ಜೆ ನಡೆದರೆ ಎಡಭುಜ ಒಮ್ಮೆ ಮೆಲ್ಲಗೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ನೋಡಿದವರಿಗೆ ಅದೇನೋ ಖುಷಿ. ಮಕ್ಕಳು ಬಸ್ ನಿಲ್ದಾಣದಲ್ಲಿ ಹಾಗೆ ನಡೆದರು. ಎರಡನೇ ಸಿನಿಮಾದಲ್ಲಿ ನಿರ್ದೇಶಕರು ಅದನ್ನೇ ಹಾಕಿದರು. ಹೊರದೇಶದ ಪಾರ್ಕುಗಳಿಗೆ ಒಂಟೆಗಳನ್ನು ತಯಾರು ಮಾಡಬೇಕಾದಾಗ ಅತ್ತಿಗೆಯ ನಡಿಗೆಯನ್ನು ಎದುರಿನಿಂದ ವಿಡಿಯೋ ಮಾಡಿಕೊಂಡು ಹೋದರು. ಕಂಪನಿಯಲ್ಲಿ ಓದಿದವರಿಗೇನು ಬರವೇ? ಭುಜದ ಅರ್ಥ ಹೇಳಲು ಪೈಪೋಟಿ. ಒಬ್ಬರು, “ಚೀಲ ಜಾರ್ತಿದೆ, ಸರಿ ಮಾಡ್ಕೊತಾನೆ” ಎಂದರು. ಚೀಲ ಇರುವುದು ಬಲಗಡೆ. ಇನ್ನೊಬ್ಬರು, “ಬಸ್ಸು ಹೋದ್ರೆ ಹೋಗ್ಲಿ ಬಿಡು ಅನ್ನೋ ವೈರಾಗ್ಯ” ಎಂದರು. ಎಲ್ಲ ದೇಶಗಳಲ್ಲೂ ಆ ವೈರಾಗ್ಯವನ್ನೇ ಕಲಿಸಿದರು. ಯಾಕೆ ಹಾಗೆ ಮಾಡುತ್ತೀಯೆಂದು ಅತ್ತಿಗೆಯನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಅವಳಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಕಂಪನಿ ಎಲ್ಲಕ್ಕಿಂತ ದೊಡ್ಡ ಪಾರ್ಕೊಂದನ್ನು ಇನ್ನೊಂದು ದೇಶದಲ್ಲಿ ಕಟ್ಟಿತು. ತೆರೆಯುವ ದಿನ ಎಲ್ಲ ಪಾರ್ಕುಗಳ ಡುಬ್ಬಣ್ಣರೂ ಒಟ್ಟಿಗೆ ಮೆರವಣಿಗೆ ಹೋಗಬೇಕು. ಹತ್ತಾರು ಒಂಟೆ, ಒಂದೇ ನಡಿಗೆ. ಅದಕ್ಕೆ ಪ್ರತಿ ಪಾರ್ಕಿನಲ್ಲೂ ಪರೀಕ್ಷೆ. ಪಾಸಾದವರಿಗೆ ಹೊಸ ವೇಷ, ಫೇಲಾದವರಿಗೆ ಒಂಟೆಯಿಂದಲೇ ಬಿಡುಗಡೆ. ನಮ್ಮಲ್ಲಿ ಪರೀಕ್ಷೆ ಮಾಡಲು ಬಂದವನು ನಮ್ಮ ಕಡೆಯ ಹುಡುಗನೇ, ಹೊರದೇಶದ ಪಾರ್ಕಿನಲ್ಲಿ ಬಹಳ ಕಾಲದಿಂದ ಡುಬ್ಬಣ್ಣನಾಗಿದ್ದವನು. ಎಲ್ಲರೂ ನಡಿಗೆ ಮೇಷ್ಟ್ರು ಎನ್ನುತ್ತಿದ್ದರು. ಬಂದವನೇ ಅತ್ತಿಗೆಯ ಕೈ ಹಿಡಿದು, “ಅಮ್ಮಾ, ನಿಮ್ಮ ವಿಡಿಯೋ ನೋಡಿ ನೋಡೇ ನಾನು ಕಲಿತಿದ್ದು” ಎಂದ. ಅತ್ತಿಗೆ ‘ಹೂಂ’ ಎಂದಳು.

ಪರೀಕ್ಷೆ ಕನ್ನಡಿಗಳ ಹಾಲಿನಲ್ಲಿ. ನಾನು ಗಾಜಿನ ಬಾಗಿಲಾಚೆ ನಿಂತೆ, ಜೊತೆಗಾತಿಯರಿಗೆ ಒಳಗೆ ಪ್ರವೇಶವಿಲ್ಲ. ಅತ್ತಿಗೆ ಒಂಟೆಯಾಗಿ ಈ ತುದಿಯಿಂದ ಆ ತುದಿಗೆ ನಡೆದಳು. ಭುಜ ಏಳಲಿಲ್ಲ. ಮತ್ತೆ ನಡೆದಳು. ಉಹೂಂ. ಮೇಷ್ಟ್ರು ಹುಬ್ಬು ಗಂಟಿಕ್ಕಿ, “ಅಮ್ಮಾ, ಭುಜ” ಎಂದ. ಆಗ ಎತ್ತಿದಳು ನೋಡಿ, ಬೆನ್ನಿಗೆ ಇರುವೆ ಕಚ್ಚಿದವರ ಹಾಗೆ! ನಾನು ಬಾಗಿಲಾಚೆಯೇ ಹಣೆ ಚಚ್ಚಿಕೊಂಡೆ.

ಮೇಷ್ಟ್ರಿಗೆ ಪಾಪ, ಅಳುವೇ ಬಂದಿತ್ತು. “ತಪ್ಪು ತಿಳ್ಕೋಬೇಡಿ ಅಮ್ಮಾ, ನಿಮ್ಮ ನಡಿಗೆ ನಿಮಗೇ ಬರ್ತಿಲ್ಲ. ನಾನು ಹೇಗೆ ಪಾಸ್ ಮಾಡ್ಲಿ? ಇನ್ನೊಂದು ಅವಕಾಶ ಕೊಡ್ತೀನಿ. ಮುಂದಿನ ವಾರ.”

“ಆಗ್ಲೂ ಬರದಿದ್ರೆ?” ಎಂದು ನಾನು ನುಗ್ಗಿಯೇ ಬಿಟ್ಟೆ.

“ಟೋಪಿ ಅಂಗಡಿಯಲ್ಲಿ ಜಾಗ ಇದೆಯಂತೆ. ಕೂತ್ಕೊಂಡು ಮಾಡೋ ಕೆಲಸ, ಆರಾಮಾಗಿರುತ್ತೆ.”

ಟೋಪಿ ಅಂಗಡಿಯಲ್ಲಿ ಬಾಗಿಲಲ್ಲೇ ಕೂತು, ‘ಬನ್ನಿ ಬನ್ನಿ, ಯಾವ ಟೋಪಿ ಕೊಡ್ಲಿ?’ ಎಂದು ದಿನವಿಡೀ ನಗಬೇಕು. ಅಂದು ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಸ್ಟೀಲು ತಟ್ಟೆ ಹಿಡಿದು ನಗು ಅಭ್ಯಾಸ ಮಾಡುತ್ತಿದ್ದಳು. ಅಣ್ಣ ನೀರು ಕುಡಿಯಲು ಬಂದವನು ಬೆಚ್ಚಿ, “ಏನಾಯ್ತೇ? ಹಲ್ಲುನೋವಾ?” ಎಂದ.

ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗಲಿಲ್ಲ. ತಟ್ಟೆ ಕೆಳಗಿಟ್ಟು, ನಮ್ಮಿಬ್ಬರಿಗೂ ಬೆನ್ನು ಹಾಕಿ ಹೇಳಿದಳು: “ಆ ತಲೆಯೊಳಗೆ ಇದ್ರೆ ಮಾತ್ರ ನನಗೆ ಸಂಕೋಚ ಇಲ್ಲ. ಯಾರು ಬಂದ್ರೂ ತಬ್ಕೋತೀನಿ. ಹೊರಗೆ ಕೈಯೇ ಏಳಲ್ಲ. ಅದನ್ನೂ ಕಿತ್ಕೊಂಡ್ರೆ ನಾನು ಯಾರನ್ನ ತಬ್ಕೊಳ್ಳಲಿ?”

ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಹತ್ತಿರ ಹೋಗಿ ಸಮಾಧಾನ ಹೇಳೋಣವೆಂದುಕೊಂಡೆ. ಆದರೆ ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ. “ಅಳ್ತಾ ಕೂತ್ರೆ ಭುಜ ಏಳುತ್ತಾ? ನಡಿ, ಅಭ್ಯಾಸ ಮಾಡೋಣ” ಎಂದು ರೇಗಿದೆ.

ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಬೀದಿಬಾಗಿಲವರೆಗೆ ಒಂದು ಉದ್ದನೆ ಓಣಿ. ಅತ್ತಿಗೆಯ ಬೆನ್ನಿಗೆ ದಿಂಬು ಕಟ್ಟಿ ಡುಬ್ಬ ಮಾಡಿದೆವು. ತಲೆಗೆ ಅಣ್ಣನ ಹೆಲ್ಮೆಟ್ಟು. ದಿನಾ ಸಂಜೆ, ಹುಡುಗಿ ಆಟಕ್ಕೆ ಹೋದ ಮೇಲೆ, ಅತ್ತಿಗೆ ನಡೆಯುವುದು, ನಾನು ಎದುರಿಗೆ ಹಿಂದೆ ಹಿಂದೆ ಸರಿಯುತ್ತಾ ಬೈಯುವುದು. “ಭುಜ ಎತ್ತು ಅಂದ್ರೆ ಕತ್ತು ಎತ್ತುತೀಯಲ್ಲ!” “ಎತ್ತಿದ್ಮೇಲೆ ಇಳಿಸ್ಬೇಕು, ಅಲ್ಲೇ ಬಿಡೋದಾ?” ಅವಳೂ ಬಿಡುವವಳಲ್ಲ. “ನೀನೇ ಮಾಡಿ ತೋರಿಸು, ಬಾಯಿಬಡುಕಿ!” ನಾನು ಮಾಡಿ ತೋರಿಸಿದರೆ ಅದು ಇನ್ನೂ ಅಧ್ವಾನ. ಕೊನೆಗೆ ಮಾತಿಗೆ ಮಾತು ಬೆಳೆದು, ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡು ಅವಳು ಮಾತು ಬಿಟ್ಟಳು. ನಮ್ಮ ಮನೆಯಲ್ಲಿ ಇದೇನೂ ಹೊಸತಲ್ಲ. ಕಿಟಕಿ ತೆರೆದಿಡುವ ವಿಷಯಕ್ಕೆ ಒಮ್ಮೆ ಇಡೀ ಬೇಸಿಗೆ ನಾವು ಮಾತಾಡಿರಲಿಲ್ಲ. ಏನಿದ್ದರೂ ಅಣ್ಣನ ಮೂಲಕವೇ ಹೇಳಿ ಕಳಿಸುತ್ತಿದ್ದೆವು.

ಎರಡನೇ ಪರೀಕ್ಷೆಯ ಹಿಂದಿನ ಸಂಜೆ. ಬೈದು ಬೈದು ನನಗೂ ಸುಸ್ತಾಗಿತ್ತು. ಎದುರಿಗೆ ನಿಂತು ಆಗಬೇಕಾದ್ದೇನಿಲ್ಲವೆಂದು ಹಿಂದೆ ಹೋಗಿ, ಪಾರ್ಕಿನಲ್ಲಿ ನಡೆಯುವಂತೆ ಅವಳ ಎಡಗಡೆ ಸುಮ್ಮನೆ ನಡೆದೆ. ಅಣ್ಣ ಬೀದಿಬಾಗಿಲಲ್ಲಿ ಟೀ ಲೋಟ ಹಿಡಿದು ಕೂತಿದ್ದ. ಅವನು ಕ್ಷೌರಿಕ. ದಿನವಿಡೀ ಕತ್ತರಿ ಹಿಡಿದು ಜನರ ಹಿಂಭಾಗ ನೋಡುವವನು.

“ನಿಲ್ಲಿ, ನಿಲ್ಲಿ” ಎಂದ. “ಈಗ ಭುಜ ಎದ್ದಿತಲ್ಲ!”

“ಎದ್ದಿತಾ?” ಎಂದು ನಾನು. “ನಾನೇನೂ ಮಾಡ್ಲಿಲ್ಲ” ಎಂದು ಹೆಲ್ಮೆಟ್ಟಿನೊಳಗಿಂದ ಅವಳು.

“ಇನ್ನೊಂದ್ಸಲ ನಡೀರಿ.” ನಡೆದೆವು. ಅಣ್ಣ ಲೋಟ ಕೆಳಗಿಟ್ಟ. “ತಂಗೀ, ನೀನೀಗ ಮುಂದೆ ಬಾ.” ಬಂದೆ. ಭುಜ ಸತ್ತು ಬಿತ್ತು. “ಹಿಂದೆ ಹೋಗು.” ಹೋದೆ. ಭುಜ ಎದ್ದಿತು, ಮೆಲ್ಲಗೆ, ಸೊಗಸಾಗಿ, ವಿಡಿಯೋದಲ್ಲಿ ಇದ್ದ ಹಾಗೇ. “ಈಗ ಹಿಂದೇನೇ ಇರು, ಆದ್ರೆ ಕೈಕಟ್ಕೊಂಡು ನಡಿ.” ಕೈಕಟ್ಟಿ ನಡೆದೆ. ಭುಜ ಇಲ್ಲ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಯ್ಯೋ ನಿಮ್ಮಿಬ್ಬರ! ಇದು ಅವಳ ಭುಜ ಅಲ್ಲ ಕಣೇ, ನಿನ್ನ ಕೈ. ನಾಲ್ಕು ಹೆಜ್ಜೆಗೊಂದ್ಸಲ ಅವಳ ಮೊಣಕೈ ಮುಟ್ತೀಯ. ಮುಟ್ಟಿದ ಕೂಡ್ಲೇ ಅವಳು ಭುಜ ಎತ್ತುತಾಳೆ. ನಿಮಗೆ ಗೊತ್ತೇ ಇಲ್ವಾ?”

 ಅವಳು ಹೆಲ್ಮೆಟ್ಟು ತೆಗೆದಳು. ನಾನು ನನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡೆ, ಬೇರೆ ಯಾರದೋ ಕೈ ಎಂಬ ಹಾಗೆ. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಕಾರಂಜಿ. ಬಿದ್ದ ಮರುದಿನ ಅವಳು ತಲೆ ತೊಡಲು ಹೆದರಿ ಬೆಂಚಿನ ಮೇಲೆ ಕೂತಿದ್ದಳು. ಹೊರಗೆ ನಾನು ಮಾತಾಡುವಂತಿಲ್ಲ. ಆಗ ನಾನೇ ಹೇಳಿದ್ದೆ: “ಆಗಾಗ ನಿನ್ನ ಮೊಣಕೈ ಮುಟ್ತೀನಿ. ಮುಟ್ಟಿದ್ರೆ ‘ನಾನು ಇಲ್ಲೇ ಇದೀನಿ, ದಾರಿ ಸರಿ ಇದೆ’ ಅಂತ. ನೀನು ಒಂಚೂರು ಭುಜ ಎತ್ತು. ಎತ್ತಿದ್ರೆ ‘ಗೊತ್ತಾಯ್ತು, ಚೆನ್ನಾಗೇ ಇದೀನಿ’ ಅಂತ.” ಒಂದಿಷ್ಟು ದಿನಕ್ಕೆಂದು ಮಾಡಿದ್ದು. ಆಮೇಲೆ ತಲೆಯೊಳಗೆ ಫ್ಯಾನು ಬಂತು, ಬಾಯಿಯ ಸಂದಿ ದೊಡ್ಡದಾಯಿತು, ಹೆದರಿಕೆ ಹೋಯಿತು. ನಾವು ಮರೆತೆವು. ಕೈಯೂ ಭುಜವೂ ಮರೆಯಲಿಲ್ಲ.

“ಅಂದ್ರೆ,” ಎಂದಳು ಅತ್ತಿಗೆ ನಿಧಾನಕ್ಕೆ, “ಆ ಕಿಟಕಿ ಜಗಳದ ಬೇಸಿಗೆಯಲ್ಲೂ?”

“ಭುಜ ಏಳ್ತಾನೇ ಇತ್ತಲ್ಲ” ಎಂದ ಅಣ್ಣ. “ಆ ಬೇಸಿಗೆಯಲ್ಲೇ ಅಲ್ವಾ ವಿಡಿಯೋದವರು ಬಂದಿದ್ದು?”

ಹೌದು. ಮನೆಯಲ್ಲಿ ನಾನು ‘ನಿನ್ನ ಹೆಂಡತಿಗೆ ಉಪ್ಪು ಕಡಿಮೆ ಹಾಕೋಕೆ ಹೇಳು’ ಎಂದು ಅಣ್ಣನಿಗೆ ಹೇಳಿ, ಪಾರ್ಕಿನಲ್ಲಿ ನಾಲ್ಕು ಹೆಜ್ಜೆಗೊಮ್ಮೆ ‘ಇಲ್ಲೇ ಇದೀನಿ’ ಎಂದು ಅವಳಿಗೆ ಹೇಳುತ್ತಿದ್ದೆ. ಅವಳು ಪ್ರತಿ ಸಲವೂ ಉತ್ತರ ಕೊಡುತ್ತಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು. ಅವಳು ದಿಂಬು ಬಿಚ್ಚಿಕೊಂಡು, “ಉಪ್ಪು ಸರಿಯಾಗೇ ಇರ್ತಿತ್ತು” ಎಂದು ಒಳಗೆ ಹೋದಳು.

ಮರುದಿನ ನಾನು ಮೇಷ್ಟ್ರ ಎದುರಿಗೆ ನಿಂತು, “ನಾನಿಲ್ದೆ ಒಂಟೆ ನಡೆಯಲ್ಲ” ಎಂದೆ. ಅವನು ತಲೆಯಾಡಿಸಿದ. “ಆಗಲ್ಲಮ್ಮ. ಹೊರದೇಶದಲ್ಲಿ ಹಿಂದೆ ಯಾರೂ ಇರಲ್ಲ. ದಾರಿ ಬಿಡಿಸೋರು ಮುಂದೆ ಹೋಗ್ತಾರೆ. ಹೊಸ ತಲೆಯಲ್ಲಿ ಕ್ಯಾಮೆರಾನೇ ಇದೆ, ಹಿಂದಿನದೆಲ್ಲ ಕಾಣುತ್ತೆ.”

ನಾನು ಬಾಯಿ ತೆರೆದು ರಾಮಾಯಣ ಶುರು ಮಾಡುವವಳಿದ್ದೆ. ಅತ್ತಿಗೆ ನನ್ನನ್ನು ತಡೆದು, ತಲೆಯನ್ನೆತ್ತಿ ಮೇಷ್ಟ್ರ ಕೈಗೆ ಕೊಟ್ಟಳು. “ನೀನೇ ಹಾಕ್ಕೋ ಮಗಾ. ಸುಮ್ನೆ ನಡಿ. ಭುಜ ಎತ್ತಬೇಕು ಅಂತ ಎತ್ತಬೇಡ.” ನನ್ನ ಕಡೆ ತಿರುಗಿ, “ನೀನು ಹಿಂದೆ ಹೋಗು” ಎಂದಳು.

ಅವನು ಒಂಟೆಯಾದ. ನಡೆದ. ನಾನು ಹಿಂದೆ ನಡೆದೆ, ಕೈ ತಾನಾಗಿ ಹೋಗಿ ಅವನ ಮೊಣಕೈ ಮುಟ್ಟಿತು. ಭುಜ ಮೇಲೆದ್ದಿತು. ಎದ್ದ ಭುಜ ಅರ್ಧದಲ್ಲೇ ನಿಂತಿತು, ಒಂಟೆಯೂ ನಿಂತಿತು.  ಅವನು ತಲೆ ತೆಗೆದ. ಕಣ್ಣು ಒದ್ದೆ, ಬಾಯಲ್ಲಿ ನಗು.

“ಇದು ಉತ್ತರನಾ?” ಎಂದ. “ಇಷ್ಟು ವರ್ಷ ನಾನು ಉತ್ತರ ಕೊಡ್ತಾ ಇದ್ದೆ. ಯಾರೂ ಕೇಳಿರ್ಲೇ ಇಲ್ಲ. ಆ ದೇಶಕ್ಕೆ ಹೋದ ಹೊಸದ್ರಲ್ಲಿ ಭಾಷೆ ಗೊತ್ತಿಲ್ಲ, ಜನ ಗೊತ್ತಿಲ್ಲ, ಆ ತಲೆಯೊಳಗೆ ಎಷ್ಟು ಒಂಟಿ ಅನ್ನಿಸ್ತಿತ್ತು ಗೊತ್ತಾಮ್ಮ? ಭುಜ ಮಾತ್ರ ಎತ್ತುತಾನೇ ಇದ್ದೆ.”

ಅತ್ತಿಗೆ ಅವನ ತೋಳಿನ ಮೇಲಿನ ಉಣ್ಣೆಯನ್ನು ಸವರಿ ಸರಿಮಾಡಿದಳು. ಆಮೇಲೆ ತಾನೇ ತಲೆ ತೊಟ್ಟು, ನನ್ನನ್ನು ಹಿಂದಿಟ್ಟುಕೊಂಡು, ಹಾಲಿನ ಉದ್ದಕ್ಕೂ ನಡೆದಳು. ಮೇಷ್ಟ್ರು ಪಾಸು ಮಾಡಿದ. ಅಷ್ಟಕ್ಕೇ ಬಿಡದೆ ಅಲ್ಲೇ ನಿಂತು ಮೇಲಿನವರಿಗೆ ಫೋನು ಹಚ್ಚಿ, ಎಲ್ಲ ಒಂಟೆಗಳ ಹಿಂದೆಯೂ ಒಬ್ಬರು ಬೇಕೇ ಬೇಕು, ಇಲ್ಲದಿದ್ದರೆ ತಾನು ಮೆರವಣಿಗೆಗೆ ಬರುವುದಿಲ್ಲ ಎಂದು ಪಟ್ಟು ಹಿಡಿದ.

ಕಂಪನಿ ಎಂದರೆ ಕಂಪನಿ. ಒಂಟೆಯ ಹಿಂದೆ ಬರೀ ಮನುಷ್ಯರು ನಡೆದರೆ ಅದು ಸಂಬಳ, ವೇಷ ಹಾಕಿ ನಡೆದರೆ ಅದು ಆಕರ್ಷಣೆ. ಅವರು ಕೂತು ಯೋಚಿಸಿ ಹೊಸ ಪಾತ್ರ ಹುಟ್ಟಿಸಿದರು: ಟಿಕೆಟ್ ತಪಾಸಣೆಯ ಕೊಕ್ಕರೆ. ಡುಬ್ಬಣ್ಣ ದಾರಿ ತಪ್ಪದಂತೆ ಹಿಂದಿನಿಂದ ರೆಕ್ಕೆಯಲ್ಲಿ ತಿವಿಯುತ್ತಾ ಬರುವವಳು. ಆ ಕೊಕ್ಕರೆ ಯಾರೆಂದು ಹೇಳಬೇಕೇ? ಕುಳ್ಳಿ, ದುಂಡಗಿನವಳು, ನಾನೇ! ಅತ್ತಿಗೆಯ ವೇಷ ನೋಡಿ ವರ್ಷಗಟ್ಟಲೆ ಆಡಿಕೊಂಡವಳಿಗೆ ಹಳದಿ ಕಾಲುಚೀಲ ಏರಿಸಿ, ಮೊಳದುದ್ದದ ಕೊಕ್ಕು ಸಿಕ್ಕಿಸಿದರು. ಅಳತೆ ತೆಗೆಯುವಾಗ ದರ್ಜಿ, “ಕೊಕ್ಕರೆಗೆ ಸೊಂಟ ಎಲ್ಲಿ ಹಿಡೀಲಿ?” ಎಂದ. ಅತ್ತಿಗೆ ಗೋಡೆಗೆ ಮುಖ ಮಾಡಿ ಭುಜ ಕುಣಿಸಿದಳು. ನಗುತ್ತಿದ್ದಳು, ನನಗೆ ಗೊತ್ತಾಗದೇ ಇರುತ್ತದೆಯೇ.

ಹೀಗೆ ನಾವಿಬ್ಬರೂ ವಿಮಾನ ಹತ್ತಿದೆವು. ಹತ್ತಿದ್ದೇ ತಡ, ಕಿಟಕಿ ಪಕ್ಕದ ಸೀಟು ಯಾರಿಗೆಂದು ಜಗಳ. ಮತ್ತೆ ಕಿಟಕಿಯೇ ನೋಡಿ! ಅವಳು ಕೂತಳು, ಕೂತವಳು ನಿದ್ದೆ ಹೋದಳು. ಹೊರಗೆ ನೋಡುವ ಭಾಗ್ಯ ಇಬ್ಬರಿಗೂ ಇಲ್ಲ. ನಾನು ಮುಖ ಊದಿಸಿಕೊಂಡೆ. ಆ ದೇಶದಲ್ಲಿ ಇಳಿದು, ಹೋಟೆಲಿನ ಒಂದೇ ಕೋಣೆಯಲ್ಲಿ ಮಲಗಿ ಎದ್ದು, ಪಾರ್ಕಿಗೆ ಹೋಗಿ ವೇಷ ತೊಡುವವರೆಗೆ ನಮ್ಮ ನಡುವೆ ಮಾತಿಲ್ಲ.

ತಲೆ ತೊಟ್ಟ ಮೇಲೆ ಗೊತ್ತಾಯಿತು ನನಗೆ. ಅಬ್ಬಾ, ಏನು ಕತ್ತಲೆ! ಒಂಟೆಗಳ ಹೊಸ ತಲೆಗೇನೋ ಕ್ಯಾಮೆರಾ ಇತ್ತು, ಅವಸರದಲ್ಲಿ ಹೊಲಿದ ನಮ್ಮ ಕೊಕ್ಕರೆಗಳಿಗೆ ಕೊಕ್ಕಿನ ಸಂದಿಯೇ ಗತಿ. ನನ್ನ ಉಸಿರು ನನ್ನ ಮುಖಕ್ಕೇ ಬಿಸಿಯಾಗಿ ಬಡಿಯುತ್ತಿತ್ತು. ಕಾಲು ಎಲ್ಲಿದೆಯೋ, ನೆಲ ಎಲ್ಲಿದೆಯೋ. ಹೊರಗೆ ಬ್ಯಾಂಡಿನ ಸದ್ದು, ಯಾವುದೋ ಭಾಷೆಯಲ್ಲಿ ಸಾವಿರಾರು ಜನರ ಕೂಗು. ಸಂದಿಯಲ್ಲಿ ಕಾಣುತ್ತಿದ್ದದ್ದು ಮುಂದಿನ ಒಂಟೆಯ ಕಂದು ಬೆನ್ನಷ್ಟೇ.  ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಯಿತು, ಓಡಿಹೋಗುವಷ್ಟು ಹೆದರಿಕೆ. ರೆಕ್ಕೆ ಚಾಚಿ ತಡಕಿದೆ. ಅವಳ ಮೊಣಕೈ ಸಿಕ್ಕಿತು.

ಭುಜ ಎದ್ದಿತು.

ನಾಲ್ಕು ಹೆಜ್ಜೆ ಕಾಯುವ ಧೈರ್ಯ ನನಗೆಲ್ಲಿ? ಒಂದು ಹೆಜ್ಜೆಗೇ ಮತ್ತೆ ಮುಟ್ಟಿದೆ. ಮತ್ತೆ ಎದ್ದಿತು. ಮತ್ತೆ ಮುಟ್ಟಿದೆ, ಮತ್ತೆ ಎದ್ದಿತು. ನನ್ನ ಹಿಂದೆ ಮೇಷ್ಟ್ರೂ ಅವನ ಕೊಕ್ಕರೆಯೂ, ಅವರ ಹಿಂದೆ ಉಳಿದ ದೇಶಗಳ ಒಂಟೆಗಳು, ಎಲ್ಲರೂ ಲೆಕ್ಕಕ್ಕೆ ಸರಿಯಾಗಿ ಭುಜ ಎತ್ತುತ್ತಿದ್ದರೆ ನಮ್ಮ ಒಂಟೆಯೊಂದೇ ಹೆಜ್ಜೆ ಹೆಜ್ಜೆಗೂ ಎತ್ತುತ್ತಿತ್ತಂತೆ. ಬೀದಿಯುದ್ದಕ್ಕೂ, ಸೇತುವೆ ದಾಟಿ, ಅರಮನೆಯ ಮೆಟ್ಟಿಲವರೆಗೂ ನಾನು ಮುಟ್ಟಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು, ಒಂದನ್ನೂ ಬಿಡಲಿಲ್ಲ.

ಪರದೆಯ ಹಿಂದೆ ಬಂದು ತಲೆ ತೆಗೆದಾಗ ನಾನು ಬೆವರಿನಲ್ಲಿ ಸ್ನಾನ ಮಾಡಿದ್ದೆ. ಅವಳೂ ತಲೆ ತೆಗೆದು ಕೆಳಗಿಟ್ಟಳು. ಕೂದಲೆಲ್ಲ ಹಣೆಗೆ ಅಂಟಿತ್ತು. ಎಡಭುಜವನ್ನು ಉಜ್ಜಿಕೊಳ್ಳುತ್ತಾ, “ಎಷ್ಟು ಸಲ ಮುಟ್ಟೋದೇ? ಭುಜ ಬಿದ್ದೇ ಹೋಯ್ತು” ಎಂದಳು.

“ಹೆದರಿಕೆ ಆಯ್ತು ಅತ್ತಿಗೆ” ಎಂದೆ. ಅಷ್ಟೇ ಹೇಳಲು ಆದದ್ದು.

ಅತ್ತಿಗೆ ನನ್ನನ್ನೇ ನೋಡಿದಳು. ನನ್ನ ಕೈಯಲ್ಲಿದ್ದ ಕೊಕ್ಕಿನ ತಲೆಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಎತ್ತಿ, ನನ್ನನ್ನು ಎಳೆದು ಗಟ್ಟಿಯಾಗಿ ತಬ್ಬಿಕೊಂಡಳು. ಮೈ ಇನ್ನೂ ಒಂಟೆಯದೇ ಆಗಿತ್ತು, ನಿಜ. ತಲೆ ಮಾತ್ರ ಅವಳದೇ.